ಬ್ಯಾರಲ್ ಮೂಲದ್ದೋ, ಆಮೇಲೆ ಹಾಕಿದ್ದೋ? ಹಳೆಯ ಜರ್ಮನ್ ಪಿಸ್ತೂಲುಗಳ ಬಗ್ಗೆ ಓದುಗರ ಪ್ರಶ್ನೆಗಳು

ತಾತ, ತಂದೆಯ ಕಾಲದಿಂದ ಪರವಾನಗಿಯಲ್ಲಿರುವ ಜರ್ಮನ್ ಪಿಸ್ತೂಲುಗಳ ಬಗ್ಗೆ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಹೆಚ್ಚಿನವರು ಕೇಳಿರುವುದು ಒಂದೇ: ಈಗಿರುವ ಬ್ಯಾರಲ್ ಕಾರ್ಖಾನೆಯಿಂದಲೇ ಬಂದದ್ದೋ, ಆಮೇಲೆ ಯಾರೋ ಕೂರಿಸಿದ್ದೋ? ಇಲ್ಲಿ ಹೇಳಿರುವುದೆಲ್ಲ ಕಣ್ಣಿನಿಂದ ನೋಡಿ, ಅಳೆದು ಗುರುತಿಸುವುದಕ್ಕೆ. ಬ್ಯಾರಲ್ ಬಿಚ್ಚುವುದು, ಬದಲಿಸುವುದು ಪರವಾನಗಿ ಪಡೆದ ಗನ್‌ಸ್ಮಿತ್ ಕೆಲಸ.

ಪ್ರಶ್ನೆ: ತಂದೆಯವರು ತೀರಿಕೊಂಡ ಮೇಲೆ ಅವರ 9 ಮಿ.ಮೀ. ಲೂಗರ್ ಪಿಸ್ತೂಲು ಡೀಲರ್ ಬಳಿ ಠೇವಣಿಯಲ್ಲಿದೆ. ಫ್ರೇಮಿನ ನಂಬರ್ ಒಂದು, ಬ್ಯಾರಲ್ ಮೇಲಿನ ನಂಬರ್ ಇನ್ನೊಂದು. "ಇದು ಡೂಪ್ಲಿಕೇಟ್ ಬ್ಯಾರಲ್" ಎಂದು ನೋಡಿದವರೊಬ್ಬರು ಹೇಳಿದರು. ಅದು ನಿಜವೇ? ನಾವೇ ನೋಡಿ ತಿಳಿಯುವುದು ಹೇಗೆ?
— ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ನಂಬರ್ ಬೇರೆಯಾದ ಮಾತ್ರಕ್ಕೆ ಬ್ಯಾರಲ್ ನಕಲಿ ಆಗುವುದಿಲ್ಲ. ಅದೂ ಜರ್ಮನಿಯಲ್ಲೇ ತಯಾರಾದ ಅಪ್ಪಟ ಬ್ಯಾರಲ್ ಆಗಿದ್ದು, ಇನ್ನೊಂದು ಪಿಸ್ತೂಲಿನಿಂದ ಇದಕ್ಕೆ ಬಂದಿರಬಹುದು. ನಂಬರ್ ಒಂದೇ ಇದ್ದರೂ ಬ್ಯಾರಲ್ ಮೂಲದ್ದೆಂದು ಹೇಳಲಾಗುವುದಿಲ್ಲ, ಏಕೆಂದರೆ ಸೇನೆಯ ದುರಸ್ತಿ ಶಾಲೆಗಳಲ್ಲಿ ಸವೆದ ಬ್ಯಾರಲ್ ತೆಗೆದು ಹೊಸದು ಹಾಕಿದಾಗ ಅದರ ಮೇಲೆ ಅದೇ ಪಿಸ್ತೂಲಿನ ನಂಬರನ್ನು ಒತ್ತುತ್ತಿದ್ದರು. ಆದ್ದರಿಂದ ಒಂದು ಗುರುತನ್ನು ಮಾತ್ರ ನೋಡಿ ತೀರ್ಪು ಕೊಡಬೇಡಿ.

ಮೊದಲು ಡೀಲರ್ ಕೈಯಲ್ಲೇ ಪಿಸ್ತೂಲು ಖಾಲಿ ಇದೆಯೇ ಎಂದು ಖಚಿತ ಮಾಡಿಕೊಳ್ಳಿ. ಮ್ಯಾಗಜಿನ್ ತೆಗೆದರೆ ಸಾಲದು, ಒಂದು ಗುಂಡು ಚೇಂಬರಿನಲ್ಲೇ (ಬ್ಯಾರಲಿನ ಹಿಂತುದಿಯಲ್ಲಿ ಗುಂಡು ಕೂರುವ ಗೂಡು) ಉಳಿದಿರಬಹುದು. ಲೂಗರಿನಲ್ಲಿ ಗುಂಡು ಒಳಗಿದ್ದರೆ ಎಕ್ಸ್‌ಟ್ರಾಕ್ಟರ್ (ಕೋಶವನ್ನು ಹೊರಗೆಳೆಯುವ ಕೊಕ್ಕೆ) ಮೇಲೆದ್ದು, ಅದರ ಎಡಬದಿಯಲ್ಲಿ 'ಗೆಲಾಡೆನ್' (ಗುಂಡು ತುಂಬಿದೆ) ಎಂಬ ಜರ್ಮನ್ ಅಕ್ಷರಗಳು ಕಾಣುತ್ತವೆ. ಆದರೆ ಎಕ್ಸ್‌ಟ್ರಾಕ್ಟರ್ ಮುರಿದ ಪಿಸ್ತೂಲಿನಲ್ಲಿ ಈ ಸೂಚನೆಯನ್ನು ನಂಬಬಾರದು. ಟಾಗಲ್ (ಪಿಸ್ತೂಲಿನ ಮೇಲಿರುವ ಮಡಚುವ ಕೀಲು) ಹಿಂದಕ್ಕೆಳೆದು, ಟಾರ್ಚ್ ಬಿಟ್ಟು, ಕಣ್ಣಾರೆ ನೋಡಿಯೇ ಮುಂದಿನ ಮಾತು.

ಈಗ ಪಿಸ್ತೂಲನ್ನು ಮಗುಚಿ ಬ್ಯಾರಲ್ ಕೆಳಭಾಗ ನೋಡಿ. ಸೇನೆಯ ಲೂಗರುಗಳಲ್ಲಿ ಅಲ್ಲಿ ಪಿಸ್ತೂಲಿನ ಪೂರ್ತಿ ನಂಬರ್ ಇರುತ್ತದೆ, ಜೊತೆಗೆ ಕೂಡಕ್ಷರ ಶೈಲಿಯ ಒಂದು ಚಿಕ್ಕ ಅಕ್ಷರವೂ ಇರಬಹುದು. ಆ ಅಕ್ಷರವನ್ನು ಬಿಟ್ಟು ಬರೆದುಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಸೇನೆಯ ಪಿಸ್ತೂಲುಗಳಿಗೆ ಪ್ರತಿ ಕಾರ್ಖಾನೆಯಲ್ಲಿ ಪ್ರತಿ ವರ್ಷ 1ರಿಂದ ಎಣಿಕೆ ಶುರುವಾಗಿ, ನಾಲ್ಕಂಕಿ ಮುಗಿದ ಮೇಲೆ ಎ, ಬಿ, ಸಿ ಎಂದು ಅಕ್ಷರ ಸೇರಿಸಿ ಮತ್ತೆ 1ರಿಂದ ಎಣಿಸುತ್ತಿದ್ದರು. ಹಾಗಾಗಿ 4512 ಎಂಬ ನಂಬರಿನ ಲೂಗರುಗಳು ಅನೇಕ ಇರುತ್ತವೆ. ಅಕ್ಷರವೂ ಕಾರ್ಖಾನೆಯೂ ಇಸವಿಯೂ ಕೂಡಿದಾಗಲೇ ಅದು ಒಂದೇ ಪಿಸ್ತೂಲಿನ ಗುರುತು. ಫ್ರೇಮಿನ (ಹಿಡಿಕೆ ಇರುವ ಕೆಳಚೌಕಟ್ಟು) ಮುಂಭಾಗ, ರಿಸೀವರಿನ (ಬ್ಯಾರಲ್ ಕೂರುವ ಮೇಲಿನ ಭಾಗ) ಎಡಬದಿ, ಬ್ಯಾರಲ್ ಕೆಳಗೆ: ಈ ಮೂರನ್ನೂ ಅಕ್ಷರಸಹಿತ ಬರೆದುಕೊಳ್ಳಿ. ಚಿಕ್ಕ ಬಿಡಿಭಾಗಗಳ ಮೇಲೆ ಕೊನೆಯ ಎರಡು ಅಂಕಿ ಮಾತ್ರ ಇರುವುದು ಸಹಜ.

ಮುಂದೆ ಬ್ಯಾರಲ್ ಮತ್ತು ರಿಸೀವರ್ ಕೂಡುವ ಜಾಗಕ್ಕೆ ಬನ್ನಿ. ಲೂಗರ್ ಬ್ಯಾರಲನ್ನು ತಿರುಪಿ ಕೂರಿಸುತ್ತಾರೆ. ಮುಂದಿನ ಗುರಿಮೊನೆ ನೆಟ್ಟಗೆ ನಿಲ್ಲಬೇಕಾದ್ದರಿಂದ, ಸರಿಯಾದ ಜಾಗಕ್ಕೆ ಬಂದಾಗ ಎರಡರ ಮೇಲೂ ಹಾಯುವಂತೆ ಉಳಿಯಿಂದ ಒಂದು ಸಣ್ಣ ಗೆರೆ ಹಾಕುತ್ತಾರೆ. ಮೂಲದ ಬ್ಯಾರಲಿನಲ್ಲಿ ಆ ಗೆರೆ ಒಂದೇ ಏಟಿಗೆ ಬಿದ್ದಂತೆ ಎರಡು ಕಡೆಯೂ ನೇರವಾಗಿ ಸೇರುತ್ತದೆ. ರಿಸೀವರಿನ ಮೇಲೆ ಎರಡು ಗೆರೆ ಇದ್ದರೆ, ಅಥವಾ ಬ್ಯಾರಲಿನ ಗೆರೆ ಪಕ್ಕಕ್ಕೆ ಸರಿದಿದ್ದರೆ ಬ್ಯಾರಲ್ ಒಮ್ಮೆಯಾದರೂ ಬಿಚ್ಚಿದೆ. ನಮ್ಮ ಮಟ್ಟಿಗೆ ನಂಬರಿಗಿಂತ ಈ ಗೆರೆಯ ಸಾಕ್ಷಿಯೇ ಗಟ್ಟಿ, ಏಕೆಂದರೆ ನಂಬರ್ ಒತ್ತುವವರು ಗೆರೆಯ ಬಗ್ಗೆ ಹೆಚ್ಚಾಗಿ ಯೋಚಿಸುವುದಿಲ್ಲ.

ಮೂರನೆಯದು ಹದ್ದಿನ ಮುದ್ರೆ. ಗುಂಡು ಹಾರಿಸಿ ಪರೀಕ್ಷಿಸಿದ ಮೇಲೆ ರಿಸೀವರ್, ಬ್ರೀಚ್‌ಬ್ಲಾಕ್ (ಬ್ಯಾರಲಿನ ಹಿಂತುದಿ ಮುಚ್ಚುವ ತುಂಡು), ಬ್ಯಾರಲ್ ಮೂರರ ಮೇಲೂ ಹದ್ದನ್ನು ಒತ್ತುತ್ತಿದ್ದರು. ಕೈಸರ್ ಕಾಲದ ಹದ್ದಿನ ಗರಿಗಳು ಕೆಳಕ್ಕೆ ಇಳಿಬಿದ್ದಂತಿರುತ್ತವೆ; 1930ರ ದಶಕದ ನಡುವಿನಿಂದ ಬಂದ ಹದ್ದಿನ ರೆಕ್ಕೆ ಅಡ್ಡಕ್ಕೆ ಚಾಚಿದ್ದು, ಕಾಲಿನಲ್ಲಿ ಸ್ವಸ್ತಿಕ ಹಿಡಿದಿರುತ್ತದೆ. ರಿಸೀವರಿನ ಮೇಲೆ 1917 ಎಂದಿದ್ದು, ಬ್ಯಾರಲ್ ಮೇಲೆ ಸ್ವಸ್ತಿಕದ ಹದ್ದು ಇದ್ದರೆ ಆ ಬ್ಯಾರಲ್ ಹಿಟ್ಲರನ ಕಾಲದಲ್ಲೋ ಆಮೇಲೋ ಹಾಕಿದ್ದು.

ನಂಬರ್ ಕೂಡಿಬಂದಿದ್ದರೂ ಸಂಶಯ ಇದ್ದರೆ ಹಳೆಯ ನಂಬರನ್ನು ಅರದಿಂದ ಉಜ್ಜಿ ಹೊಸದು ಒತ್ತಿದ್ದಾರೆಯೇ ನೋಡಿ. ಕೋಣೆಯ ದೀಪ ಆರಿಸಿ, ಟಾರ್ಚನ್ನು ಬ್ಯಾರಲಿಗೆ ಸಮಾನಾಂತರವಾಗಿ ಹಿಡಿದರೆ ಉಜ್ಜಿದ ಚಪ್ಪಟೆ ಜಾಗ ಬೇರೆಯಾಗಿ ಹೊಳೆಯುತ್ತದೆ. ನಂಬರ್ ಇರುವ ಜಾಗದಲ್ಲೇ ವರ್ನಿಯರ್ ಇಟ್ಟು ಒಮ್ಮೆ ಮೇಲಿಂದ ಕೆಳಕ್ಕೆ, ಒಮ್ಮೆ ಎಡದಿಂದ ಬಲಕ್ಕೆ ಅಳೆಯಿರಿ. ಮೇಲಿಂದ ಕೆಳಗಿನ ಅಳತೆ 0.1 ಮಿ.ಮೀ. ಕಡಿಮೆ ಬಂದರೂ ಅಲ್ಲಿ ಲೋಹ ಹೋಗಿದೆ ಎಂದೇ ಹಿಡಿಯಿರಿ. ಎರಡೂ ಅಳತೆಯನ್ನು ಒಂದೇ ಜಾಗದಲ್ಲಿ ತೆಗೆಯಬೇಕು, ಏಕೆಂದರೆ ಬ್ಯಾರಲ್ ಬಾಯಿಯ ಕಡೆಗೆ ಸಣ್ಣಗಾಗುತ್ತ ಹೋಗುತ್ತದೆ.

ಕಾನೂನಿನ ಮಾತೂ ಹೇಳಬೇಕು. 9 ಮಿ.ಮೀ. ಪ್ಯಾರಾಬೆಲಮ್ (ಈ ಲೂಗರಿನ ಗುಂಡು) ನಮ್ಮಲ್ಲಿ ನಿಷೇಧಿತ ಬೋರ್, ಅಂದರೆ ಸಾಮಾನ್ಯ ಪರವಾನಗಿಗೆ ಸಿಗದ ಅಳತೆ. ಅದರ ಪರವಾನಗಿ ಕೊಡುವುದು ಕೇಂದ್ರ ಗೃಹ ಸಚಿವಾಲಯ. ವಾರಸುದಾರರಿಗೆ ಪರವಾನಗಿ ಕೊಡುವ ಅವಕಾಶ 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿದೆ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು, ವಾರಸಿಕೆಯಲ್ಲಿ ಬಂದದ್ದೂ ಆ ಲೆಕ್ಕದೊಳಗೇ. ಠೇವಣಿ ರಸೀದಿಯಲ್ಲಿ ಬ್ಯಾರಲ್ ನಂಬರನ್ನೂ ಪ್ರತ್ಯೇಕವಾಗಿ ಬರೆಸಿಕೊಳ್ಳಿ. ನಾಳೆ ಫ್ರೇಮ್ ನಂಬರ್ ಒಂದು, ಬ್ಯಾರಲ್ ನಂಬರ್ ಇನ್ನೊಂದು ಎಂದು ತಪಾಸಣೆಯಲ್ಲಿ ಪ್ರಶ್ನೆ ಎದ್ದರೆ, ಮೊದಲಿನಿಂದಲೂ ಹೀಗೇ ಇತ್ತು ಎಂದು ತೋರಿಸಲು ಆ ಕಾಗದವೇ ಆಧಾರ.

ಪ್ರಶ್ನೆ: ನಮ್ಮ ಲೂಗರ್ ಬ್ಯಾರಲ್ ಕೆಳಗೆ ನಂಬರಿನ ಹತ್ತಿರ "8,82" ಎಂದಿದೆ. ಇದು ಬದಲಿ ಬ್ಯಾರಲಿನ ನಂಬರೇ? 9 ಮಿ.ಮೀ. ಪಿಸ್ತೂಲಿಗೆ 8.82 ಹೇಗೆ ಹೊಂದುತ್ತದೆ?
— ಚಿತ್ರದುರ್ಗ ಕೋಟೆ ರಸ್ತೆ

ಉತ್ತರ: ಅದು ನಂಬರ್ ಅಲ್ಲ, ಬ್ಯಾರಲ್ ಒಳಗಿನ ಅಳತೆ. ಜರ್ಮನರು ದಶಮಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ ಹಾಕುತ್ತಾರೆ. ಬ್ಯಾರಲ್ ಒಳಗೆ ಸುರುಳಿಯಾಗಿ ಹೋಗುವ ತಗ್ಗು ಮತ್ತು ಉಬ್ಬುಗಳಿವೆಯಲ್ಲ, ಎದುರುಬದುರಿನ ಎರಡು ಉಬ್ಬುಗಳ ನಡುವಿನ ಅಂತರ 8.82 ಮಿ.ಮೀ. ಎಂದು ಅದರ ಅರ್ಥ. ಗುಂಡಿನ ದಪ್ಪ ಸುಮಾರು 9.02 ಮಿ.ಮೀ. ಇರುವುದರಿಂದ ಅದು ಉಬ್ಬುಗಳಿಗೆ ಕಚ್ಚಿಕೊಂಡು ತಿರುಗುತ್ತ ಹೋಗುತ್ತದೆ. 8,83, 8,84 ಎಂದು ಇರುವ ಬ್ಯಾರಲುಗಳೂ ಸಾಮಾನ್ಯ.

ಗುರುತಿಸುವಾಗ ಇದು ಬಹಳ ಉಪಯೋಗಕ್ಕೆ ಬರುತ್ತದೆ. ಸೇನೆಯ ಬ್ಯಾರಲುಗಳ ಮೇಲೆ ಈ ಅಳತೆ ಒತ್ತಿರುತ್ತಿತ್ತು. ಈಚೆಗೆ ಹೊರದೇಶಗಳಲ್ಲಿ ಮಾಡಿದ ಬಿಡಿ ಬ್ಯಾರಲುಗಳ ಮೇಲೆ ಸಾಮಾನ್ಯವಾಗಿ ಇರುವುದಿಲ್ಲ. ಒಳಗಿನ ತಗ್ಗುಗಳನ್ನೂ ಎಣಿಸಿ: 9 ಮಿ.ಮೀ. ಲೂಗರಿನಲ್ಲಿ ಆರು, ಬಲಕ್ಕೆ ತಿರುಗಿರುತ್ತವೆ, ಒಂದು ಪೂರ್ತಿ ಸುತ್ತಿಗೆ 250 ಮಿ.ಮೀ. ಹಿಡಿಯುತ್ತದೆ. ಐದೇ ತಗ್ಗು ಕಂಡರೆ ಅಥವಾ ಎಡಕ್ಕೆ ತಿರುಗಿದ್ದರೆ ಅದು ಜರ್ಮನ್ ಸೇನೆಯ ಬ್ಯಾರಲ್ ಅಲ್ಲ. ಬ್ರೀಚಿನಲ್ಲಿ (ಬ್ಯಾರಲಿನ ಹಿಂತುದಿ) ಬಿಳಿ ಕಾಗದದ ತುಂಡೊಂದನ್ನಿಟ್ಟು, ಅದರ ಮೇಲೆ ಟಾರ್ಚ್ ಬಿಟ್ಟು, ಬಾಯಿಯ ಕಡೆಯಿಂದ ನೋಡಿದರೆ ಎಣಿಸಲು ಸುಲಭ.

ಹಾಗೆ ನೋಡುವಾಗ ಒಳಗೆ ಒಂದು ಕಪ್ಪು ಬಳೆಯಂತೆ ಕಂಡರೆ ಅಲ್ಲಿಗೇ ನಿಲ್ಲಿಸಿ. ಹಿಂದೆ ಯಾವಾಗಲೋ ಬ್ಯಾರಲ್ ಕಟ್ಟಿಕೊಂಡಿದ್ದಾಗ ಗುಂಡು ಹಾರಿಸಿ ಒಳಗೋಡೆ ಉಬ್ಬಿದ ಗುರುತು ಅದು. ಹೊರಗಿನಿಂದ ಬೆರಳಾಡಿಸಿದರೆ ಅದೇ ಜಾಗದಲ್ಲಿ ಸಣ್ಣ ಉಬ್ಬು ಸಿಗಬಹುದು. ಅಂಥ ಬ್ಯಾರಲ್ ಮೂಲದ್ದೇ ಆದರೂ ಹಾರಿಸುವುದಕ್ಕಲ್ಲ.

ಪ್ರಶ್ನೆ: ಲೂಗರ್ ಮೇಲೆ 1917 ಮತ್ತು 1920 ಎರಡೂ ಇಸವಿ ಇವೆ. 1920ರಲ್ಲಿ ಬ್ಯಾರಲ್ ಬದಲಿಸಿದ್ದಾರೆ ಎಂದು ಅರ್ಥವೇ? ರಿಸೀವರ್ ಮುಂದುಗಡೆ ಮೇಲ್ಭಾಗದಲ್ಲಿ ಸ್ವಲ್ಪ ಕೊರೆದಂತಿದೆ, ಅದು ಏಟು ಬಿದ್ದು ಆದದ್ದೇ?
— ಹಿರಿಯೂರು

ಉತ್ತರ: ಎರಡನೆಯ ಪ್ರಶ್ನೆಯೇ ಮುಖ್ಯ, ಅದರಲ್ಲಿ ನಿಮ್ಮ ಪಿಸ್ತೂಲಿನ ಪೂರ್ವಚರಿತ್ರೆ ಅಡಗಿದೆ.

1920 ಎಂಬುದು ಬ್ಯಾರಲಿನ ಇಸವಿ ಅಲ್ಲ. ಮೊದಲ ಮಹಾಯುದ್ಧ ಸೋತ ಮೇಲೆ ಜರ್ಮನಿಯಲ್ಲಿ ಸರ್ಕಾರದ ಆಯುಧ ಯಾವುದು, ಜನ ಮನೆಗೆ ಒಯ್ದದ್ದು ಯಾವುದು ಎಂದು ಬೇರೆ ಮಾಡಲು 1920, 1921ರಲ್ಲಿ ಸರ್ಕಾರಿ ಆಸ್ತಿ ಎಂಬ ಗುರುತಾಗಿ ಆ ಅಂಕಿ ಒತ್ತಿದರು. ನಿಮ್ಮದು 1917ರಲ್ಲಿ ತಯಾರಾದ ಪಿಸ್ತೂಲು.

ರಿಸೀವರ್ ಮುಂದಿನ ಕೊರೆತ ನುಣುಪಾಗಿ, ಯಂತ್ರದಲ್ಲಿ ಕೊರೆದಂತಿದ್ದರೆ ಅದು ಏಟಿನ ಗುರುತಲ್ಲ. ಫಿರಂಗಿದಳಕ್ಕೆಂದು ಮಾಡಿದ ಉದ್ದ ಲೂಗರಿಗೆ 200 ಮಿ.ಮೀ. ಬ್ಯಾರಲ್ ಇತ್ತು, ಅದರ ಮೇಲೆ 800 ಮೀಟರ್ ತನಕ ಗುರುತು ಹಾಕಿದ ಮಡಿಸುವ ಹಿಂಗುರಿ ಇರುತ್ತಿತ್ತು. ಆ ಗುರಿಯ ಬುಡ ತಾಗದಿರಲಿ ಎಂದು ರಿಸೀವರಿನ ಮುಂದಂಚನ್ನು ಸ್ವಲ್ಪ ಕೊರೆಯುತ್ತಿದ್ದರು. ಈಗ ನಿಮ್ಮದರಲ್ಲಿ ಗಿಡ್ಡ ಬ್ಯಾರಲ್ ಇದ್ದರೆ, ಮೂಲದಲ್ಲಿ ಉದ್ದ ಬ್ಯಾರಲ್ ಇದ್ದದ್ದನ್ನು ತೆಗೆದು ಗಿಡ್ಡದ್ದು ಹಾಕಿದ್ದಾರೆ ಎಂದಾಯಿತು. ಯುದ್ಧಾನಂತರ ಪೊಲೀಸರಿಗೂ ಚಿಕ್ಕ ಸೇನೆಗೂ ಹೀಗೆ ಮಾರ್ಪಡಿಸಿ ಕೊಟ್ಟದ್ದುಂಟು. ಅಂಥ ಬ್ಯಾರಲ್ ಬದಲಿಯದ್ದಾದರೂ ಕಾಲದ ದೃಷ್ಟಿಯಿಂದ ಸರಿಯಾದದ್ದೇ. ಇದನ್ನು ಮತ್ತೆ "ಮೂಲಸ್ಥಿತಿಗೆ" ತರುತ್ತೇನೆಂದು ಉದ್ದ ಬ್ಯಾರಲ್ ಹುಡುಕಬೇಡಿ. ಈಗಿರುವ ಚರಿತ್ರೆ ಅಳಿಸಿಹೋಗುತ್ತದೆ.

ಉದ್ದ ಅಳೆಯುವ ಕ್ರಮ ಹೀಗೆ. ಖಾಲಿ ಪಿಸ್ತೂಲಿನ ಬ್ರೀಚ್ ಮುಚ್ಚಿರಲಿ. ನಯವಾದ ಮರದ ಕಡ್ಡಿಯನ್ನು ಬಾಯಿಯಿಂದ ಬ್ರೀಚಿಗೆ ತಾಗುವ ತನಕ ಬಿಟ್ಟು, ಬಾಯಿಯ ಮಟ್ಟದಲ್ಲಿ ಪೆನ್ಸಿಲ್ ಗೆರೆ ಹಾಕಿ, ಹೊರತೆಗೆದು ಅಳೆಯಿರಿ. ಹೊರಗಿನಿಂದ ಟೇಪ್ ಹಿಡಿದರೆ ರಿಸೀವರ್ ಒಳಗೆ ಹೋದ ತಿರುಪಿನ ಭಾಗ ಲೆಕ್ಕಕ್ಕೆ ಬರದೆ ಅಳತೆ ಕಡಿಮೆ ತೋರಿಸುತ್ತದೆ. ಸೇನೆಯ ಸಾಮಾನ್ಯ ಲೂಗರಿಗೆ ಸುಮಾರು 100 ಮಿ.ಮೀ., ನೌಕಾದಳದ್ದಕ್ಕೆ 150, ಮೊದಲ ಕಾಲದ 7.65 ಮಿ.ಮೀ. ಮಾದರಿಗಳಿಗೆ 120. ವರ್ಸೇಲ್ಸ್ ಒಪ್ಪಂದದ ನಂತರ ಮಾರುಕಟ್ಟೆಗೆ ಬಂದ 7.65 ಮಿ.ಮೀ. ಪಿಸ್ತೂಲುಗಳ ಬ್ಯಾರಲ್ 100 ಮಿ.ಮೀ.ಗಿಂತ ಕೊಂಚ ಗಿಡ್ಡ, ಸಾಮಾನ್ಯವಾಗಿ 98. ನೌಕಾದಳದ ಲೂಗರಿನ ಹಿಂಗುರಿ ಬ್ಯಾರಲ್ ಮೇಲಿಲ್ಲ, ಹಿಂದಿನ ಟಾಗಲ್ ಮೇಲಿದೆ. 100, 200 ಮೀಟರಿಗೆ ಎರಡು ನೆಲೆ. ಆ ಗುರಿ ಇದ್ದು ಬ್ಯಾರಲ್ 100 ಮಿ.ಮೀ. ಬಂದರೆ ಅದೂ ಬದಲಾದದ್ದೇ.

ಪ್ರಶ್ನೆ: ಕೊಡಗಿನವರಿಗೆ ಪರವಾನಗಿ ಇಲ್ಲದೆ ಬಂದೂಕು ಇಟ್ಟುಕೊಳ್ಳುವ ರಿಯಾಯಿತಿ ಇದೆಯಂತೆ. ಪಾಳೆಯಗಾರರ ವಂಶದವರಿಗೂ ಇದೆಯೇ?
— ಮೊಳಕಾಲ್ಮುರು

ಉತ್ತರ: ಇಲ್ಲ. ಆ ರಿಯಾಯಿತಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಮಾತ್ರ. ಬಿಡಿ ಬ್ಯಾರಲ್ ಕೂಡ ಕಾಯಿದೆಯ ಪ್ರಕಾರ ಬಂದೂಕೇ. ಅಟ್ಟದ ಪೆಟ್ಟಿಗೆಯಲ್ಲಿ ಬ್ಯಾರಲ್ ಒಂದೇ ಸಿಕ್ಕಿದರೂ ಠಾಣೆಗೆ ಅಥವಾ ಪರವಾನಗಿ ಇರುವ ಡೀಲರ್ ಬಳಿಗೆ ಒಯ್ಯಬೇಕು.

ಪ್ರಶ್ನೆ: ಉದ್ದ ಮೂತಿಯ ಮೌಸರ್ ಪಿಸ್ತೂಲಿನ ಬ್ಯಾರಲ್ ಸುತ್ತ, ಚೇಂಬರಿನ ಮುಂದೆ, ಕೂದಲೆಳೆಯಷ್ಟು ಗೆರೆ ಕಾಣುತ್ತದೆ. ಹಿಡಿಕೆಯ ಮೇಲೆ ಕೆಂಪು 9 ಕೊರೆದಿದೆ. ಬ್ಯಾರಲ್ ಬದಲಾಗಿದೆಯೇ?
— ಚಳ್ಳಕೆರೆ

ಉತ್ತರ: ಹೆಚ್ಚುಕಡಿಮೆ ಖಚಿತವಾಗಿ ಆಗಿದೆ. ಮೌಸರ್ ಸಿ96 ಲೂಗರಿನಂತಲ್ಲ. ಅದರ ಬ್ಯಾರಲ್ ಮತ್ತು ಹಿಂದಿನ ಚೌಕಟ್ಟು ಒಂದೇ ಉಕ್ಕಿನ ತುಂಡಿನಿಂದ ಮಾಡಿದ್ದು. ಎಲ್ಲಿಯೂ ಬೆಸುಗೆ, ತಿರುಪು, ಕೂಡುಗೆರೆ ಇರುವುದಿಲ್ಲ. ಆದ್ದರಿಂದ ಬ್ಯಾರಲ್ ಸವೆದರೆ ಬಿಚ್ಚಿ ಬೇರೆ ಹಾಕುವ ದಾರಿಯೇ ಇಲ್ಲ. ಹಳೆಯದನ್ನು ಕತ್ತರಿಸಿ ಹೊಸ ತುಂಡು ಕೂರಿಸುತ್ತಾರೆ, ಇಲ್ಲವೇ ಒಳಗಡೆ ಕೊರೆದು ತೆಳುವಾದ ಹೊಸ ಕೊಳವೆ ತೂರಿಸುತ್ತಾರೆ. ಸುತ್ತಲಿನ ಗೆರೆ ಮೊದಲನೆಯದರ ಗುರುತು. ಎರಡನೆಯದಾದರೆ ಹೊರಗೆ ಏನೂ ಕಾಣುವುದಿಲ್ಲ. ಬಾಯಿಯ ತುದಿಗೆ ಒಂದು ಹನಿ ಎಣ್ಣೆ ಸವರಿ ಒರೆಸಿ ಭೂತಗನ್ನಡಿಯಲ್ಲಿ ನೋಡಿದರೆ ಒಳಗಿನ ಕೊಳವೆಯ ಅಂಚು ಒಂದು ಉಂಗುರವಾಗಿ ಕಾಣುತ್ತದೆ.

ಕೆಂಪು 9ನ್ನು ನಂಬಬೇಡಿ. 1916ರಲ್ಲಿ ಜರ್ಮನ್ ಸೇನೆ 9 ಮಿ.ಮೀ. ಮೌಸರುಗಳಿಗೆ ಬೇಡಿಕೆ ಕೊಟ್ಟಾಗ, 7.63ರ ಗುಂಡು ಬೆರೆಯದಿರಲಿ ಎಂದು ಹಿಡಿಕೆಯ ಮೇಲೆ 9 ಕೊರೆದು ಬಣ್ಣ ತುಂಬಿದರು. ಆದರೆ ಹಿಡಿಕೆಯ ಮರ ಒಂದೇ ಸ್ಕ್ರೂನಲ್ಲಿ ನಿಂತಿದೆ, ಯಾರು ಬೇಕಾದರೂ ಬದಲಿಸಬಹುದು. ಸತ್ಯ ಇರುವುದು ಬ್ಯಾರಲಿನ ಒಳಗೆ: ವರ್ನಿಯರಿನ ಒಳದವಡೆಯಿಂದ ಉಬ್ಬಿನಿಂದ ಉಬ್ಬಿಗೆ ಅಳೆದರೆ 7.63ರ ಬ್ಯಾರಲಿನಲ್ಲಿ ಸುಮಾರು 7.6, 9ರ ಬ್ಯಾರಲಿನಲ್ಲಿ 8.8 ಬರಬೇಕು. 8.8ರ ಸುಮಾರಿಗೆ ಬಂದರೆ ಪರವಾನಗಿ ಪುಸ್ತಕದಲ್ಲಿ ಯಾವ ಬೋರ್ ಬರೆದಿದೆ ಎಂದು ತಕ್ಷಣ ನೋಡಿ. 7.63 ಎಂದು ಬರೆದಿರುವ ಪಿಸ್ತೂಲಿಗೆ 9ರ ಬ್ಯಾರಲ್ ಇದ್ದರೆ ನೀವು ಅರಿಯದೆಯೇ ನಿಷೇಧಿತ ಬೋರಿನ ಆಯುಧ ಇಟ್ಟುಕೊಂಡಂತೆ. ಜಿಲ್ಲಾಧಿಕಾರಿ ಕಚೇರಿಗೆ ನೀವಾಗಿಯೇ ಲಿಖಿತವಾಗಿ ತಿಳಿಸುವುದು ಒಳ್ಳೆಯದು.

ಇನ್ನೊಂದು ಸಂಗತಿ. ಮೌಸರಿನ ಸಾಮಾನ್ಯ ಬ್ಯಾರಲ್ 140 ಮಿ.ಮೀ., ಗಿಡ್ಡ ಮಾದರಿಯದ್ದು 99. ಗಿಡ್ಡ 'ಬೋಲೋ' ಮಾದರಿಗೆ ಹಿಡಿಕೆಯೂ ಚಿಕ್ಕದು. ದೊಡ್ಡ ಹಿಡಿಕೆ, 99 ಮಿ.ಮೀ. ಬ್ಯಾರಲ್ ಇದ್ದರೆ 1920ರ ಸುಮಾರಿಗೆ ವರ್ಸೇಲ್ಸ್ ಒಪ್ಪಂದ ಹಾಕಿದ ಉದ್ದದ ಮಿತಿಗೆಂದು ಕತ್ತರಿಸಿದ ಉದ್ದ ಬ್ಯಾರಲ್ ಇರಬಹುದು. ಮುಂಗುರಿಯನ್ನು ಮತ್ತೆ ಕೂರಿಸಿದ ಗುರುತು ಹುಡುಕಿ. ಮತ್ತೆ, ಫ್ರೇಮಿನ ಎಡಬದಿಗೆ ಜಾರಿಸಿ ತೆಗೆಯುವ ಪಟ್ಟಿ ಇದ್ದರೆ ಅದು ಮೌಸರೇ ಅಲ್ಲ, ಸ್ಪೇನಿನ ಆಸ್ಟ್ರಾ 900. ಅದರಲ್ಲಿ ಬ್ಯಾರಲ್ ಬೇರೆ ತುಂಡು, ಕೂಡುಗೆರೆ ಕಂಡರೆ ಗಾಬರಿ ಬೇಡ.

ಪ್ರಶ್ನೆ: ಹರಿಹರದಲ್ಲಿ ಒಳ್ಳೆಯ ಲೇತ್ ಕೆಲಸಗಾರರಿದ್ದಾರೆ. ಸವೆದ ಬ್ಯಾರಲ್ ತೋರಿಸಿ ಅದೇ ಅಳತೆಗೆ ಹೊಸದು ಮಾಡಿಸಬಹುದೇ?
— ಹರಿಹರ

ಉತ್ತರ: ಬೇಡ. ಮಾಡಿಸಿದವರು, ಮಾಡಿದವರು ಇಬ್ಬರೂ ಶಸ್ತ್ರಾಸ್ತ್ರ ಕಾಯಿದೆಯ 5ನೇ ಸೆಕ್ಷನ್ ಪ್ರಕಾರ ಅಪರಾಧಿಗಳಾಗುತ್ತಾರೆ. ಬಂದೂಕಿನ ಭಾಗ ತಯಾರಿಸಲು ಪ್ರತ್ಯೇಕ ಪರವಾನಗಿ ಬೇಕು. ಕೆಲಸಗಾರನ ಕೈಚಳಕದಿಂದ ಈ ಕೊರತೆ ತುಂಬುವುದಿಲ್ಲ. ಹೊರಗಿನ ಅಳತೆ ಎಷ್ಟೇ ಕರಾರುವಾಕ್ಕಾಗಿ ಬಂದರೂ, ಉಕ್ಕು ಸರಿಯಾದ ಜಾತಿಯದ್ದಲ್ಲದಿದ್ದರೆ, ಹದ ಮಾಡಿರದಿದ್ದರೆ, ಹೆಚ್ಚಿನ ಒತ್ತಡದ ಗುಂಡಿನಿಂದ ಪರೀಕ್ಷೆ ಆಗಿರದಿದ್ದರೆ ಅದು ಸೀಳುವುದು ಹಿಡಿದವರ ಮುಖದ ಮುಂದೆಯೇ. ಸವೆದ ಬ್ಯಾರಲಿನ ಹಳೆಯ ಪಿಸ್ತೂಲನ್ನು ಹಾರಿಸದೆ ಇಟ್ಟುಕೊಳ್ಳಿ.

ಪ್ರಶ್ನೆ: ಪರವಾನಗಿಯಲ್ಲಿ "7.65 ಲೂಗರ್" ಎಂದಿದೆ. ಪಾಯಿಂಟ್ 32 ಗುಂಡು ತಂದರೆ ಚೇಂಬರಿನಲ್ಲಿ ಸಡಿಲವಾಗಿ ಅಲ್ಲಾಡುತ್ತದೆ. ಬ್ಯಾರಲ್ ಬದಲಾಗಿ ದೊಡ್ಡದು ಹಾಕಿರಬಹುದೇ?
— ಜಗಳೂರು

ಉತ್ತರ: ಬ್ಯಾರಲ್ ಸರಿ ಇದೆ, ಗುಂಡು ತಪ್ಪು. ದಯವಿಟ್ಟು ಆ ಗುಂಡನ್ನು ಹಾರಿಸಬೇಡಿ.

7.65 ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಗುಂಡುಗಳಿವೆ. ನಮ್ಮಲ್ಲಿ ಪಾಯಿಂಟ್ 32 ಎಂದು ಸಿಗುವುದು 7.65 ಬ್ರೌನಿಂಗ್, ಅದರ ಹಿತ್ತಾಳೆ ಕೋಶ 17 ಮಿ.ಮೀ. ಉದ್ದ, ನೇರ. ಲೂಗರಿನದ್ದು 7.65 ಪ್ಯಾರಾಬೆಲಮ್, ಕೋಶ ಸುಮಾರು 21.6 ಮಿ.ಮೀ., ಬುಡ ದಪ್ಪ, ಕತ್ತು ಸಣ್ಣದು, ಶಕ್ತಿಯೂ ಬಹಳ ಹೆಚ್ಚು. ಪಾಯಿಂಟ್ 32ರ ಗುಂಡಿನ ಬುಡ ಲೂಗರ್ ಚೇಂಬರಿಗೆ ತೀರ ತೆಳ್ಳಗಾದ್ದರಿಂದ ಅಲ್ಲಾಡುತ್ತದೆ. ಹಾರಿಸಿದರೆ ಕೋಶಕ್ಕೆ ಸುತ್ತಲಿನ ಆಧಾರ ಸಿಗದೆ ಸೀಳುತ್ತದೆ, ಬಿಸಿ ಅನಿಲ ಹಿಂದಕ್ಕೆ ನುಗ್ಗುತ್ತದೆ. ಮೌಸರಿನ 7.63 ಮೂರನೆಯದು, ಕೋಶ 25 ಮಿ.ಮೀ. ಉದ್ದ, ಅದನ್ನೂ ಇದಕ್ಕೆ ಬೆರೆಸಬಾರದು. ಪರವಾನಗಿಯ ನಮೂದನ್ನು "7.65 ಪ್ಯಾರಾಬೆಲಮ್" ಎಂದು ಸ್ಪಷ್ಟವಾಗಿ ತಿದ್ದಿಸಿಕೊಂಡರೆ ಮುಂದೆ ಅಂಗಡಿಯವರಿಗೂ ಗೊಂದಲ ಇರದು.

ಪ್ರಶ್ನೆ: ವಾಲ್ಥರ್ ಪಿಪಿ ಪಿಸ್ತೂಲಿನ ಸ್ಲೈಡ್ ಮೇಲೆ ಕಿರೀಟ ಮತ್ತು ಎನ್, ಬ್ಯಾರಲ್ ಮೇಲೆ ಹದ್ದು ಮತ್ತು ಎನ್ ಇದೆ. ಇದು ಸರಿಯೇ?
— ಹೊಸದುರ್ಗ

ಉತ್ತರ: ಸಂಶಯಕ್ಕೆ ಜಾಗ ಇದೆ. ಹೊಗೆರಹಿತ ಮದ್ದಿನಿಂದ ಪರೀಕ್ಷಿಸಿದ್ದಕ್ಕೆ 1940ರ ಏಪ್ರಿಲ್ ತನಕ ಕಿರೀಟದ ಕೆಳಗೆ ಎನ್, ಆಮೇಲೆ ಹದ್ದಿನ ಕೆಳಗೆ ಎನ್ ಒತ್ತುತ್ತಿದ್ದರು. ಪಿಪಿ ಮಾದರಿಯಲ್ಲಿ ಬ್ಯಾರಲನ್ನು ಫ್ರೇಮಿಗೆ ಒತ್ತಿ ಕೂರಿಸಿ ಪಿನ್ ಹೊಡೆದಿರುತ್ತಾರೆ. ಹಾಗಾಗಿ ಬ್ಯಾರಲ್ ಫ್ರೇಮಿನ ಜೊತೆಯೇ ಇರುವುದು ವಾಡಿಕೆ. ಸುಲಭವಾಗಿ ಅದಲುಬದಲಾಗುವುದು ಸ್ಲೈಡ್, ಅಂದರೆ ಹಿಂದೆಮುಂದೆ ಜಾರುವ ಮೇಲ್ಭಾಗ. ಮೊದಲು ಸ್ಲೈಡಿನ ನಂಬರ್ ಫ್ರೇಮಿಗೆ ಕೂಡುತ್ತದೆಯೇ ನೋಡಿ. ನಂಬರ್ ಕೂಡಿಬಂದು, ಅದು 1940ರ ಆಸುಪಾಸಿನ ತಯಾರಿಕೆಯಾಗಿದ್ದರೆ, ಮುದ್ರೆ ಬದಲಾದ ಸಂಧಿಕಾಲದಲ್ಲಿ ಎರಡೂ ಬೆರೆತಿರುವ ಸಾಧ್ಯತೆ ಬಿಡುವಂತಿಲ್ಲ. ಬ್ಯಾರಲಿನ ಬುಡದಲ್ಲಿರುವ ಪಿನ್ನಿನ ತಲೆ ಸುತ್ತಿಗೆ ಏಟು ತಿಂದಂತಿದ್ದರೆ ಮಾತ್ರ ಬ್ಯಾರಲ್ ಬದಲಾದದ್ದೆನ್ನಿ.

ಪ್ರಶ್ನೆ: ಪಿ38 ಪಿಸ್ತೂಲಿನ ಬ್ಯಾರಲ್ ಮೇಲೆ ಜಿಂಕೆ ಕೊಂಬಿನ ಚಿತ್ರ, ಹದ್ದು-ಎನ್, ಪಕ್ಕದಲ್ಲಿ 'ಎಚ್‌ಡಿ' ಎಂಬ ಎರಡು ಇಂಗ್ಲಿಷ್ ಅಕ್ಷರಗಳಿವೆ. ಹದ್ದು ಇರುವುದರಿಂದ ಯುದ್ಧಕಾಲದ ಬ್ಯಾರಲ್ ಎಂದುಕೊಂಡಿದ್ದೇನೆ.
— ವಿನೋಬನಗರ, ದಾವಣಗೆರೆ

ಉತ್ತರ: ಹದ್ದು-ಎನ್ ಮುದ್ರೆ ಯುದ್ಧದ ನಂತರ ಪಶ್ಚಿಮ ಜರ್ಮನಿಯಲ್ಲೂ ಮುಂದುವರಿಯಿತು, ಅದೊಂದನ್ನೇ ನೋಡಿದರೆ ಮೋಸಹೋಗುತ್ತೀರಿ. ಕೊಂಬು ಉಲ್ಮ್ ನಗರದ ಪರೀಕ್ಷಾಲಯದ ಗುರುತು. ಯುದ್ಧಾನಂತರ ವಾಲ್ಥರ್ ಕಾರ್ಖಾನೆ ನೆಲೆ ನಿಂತದ್ದು ಅಲ್ಲೇ. ಎರಡಕ್ಷರ ಇಸವಿಯ ಸಂಕೇತ: ಎ ಅಂದರೆ 0, ಬಿ 1, ಸಿ 2, ಹೀಗೆ ಐ 8ರ ತನಕ ಹೋಗಿ, ಜೆ ಬಿಟ್ಟು, ಕೆ 9. ಎಚ್ ಅಂದರೆ 7, ಡಿ ಅಂದರೆ 3. ನಿಮ್ಮ ಬ್ಯಾರಲ್ 1973ರಲ್ಲಿ ಪರೀಕ್ಷೆಯಾದದ್ದು.

ಬದಲಿ ಬ್ಯಾರಲ್ ಅತಿ ಹೆಚ್ಚು ಸಿಗುವುದು ಪಿ38ರಲ್ಲೇ, ಏಕೆಂದರೆ ಅದರ 125 ಮಿ.ಮೀ. ಬ್ಯಾರಲ್ ಯಾವ ಉಪಕರಣವೂ ಇಲ್ಲದೆ ಕೈಯಲ್ಲೇ ಹೊರಬರುತ್ತದೆ. ಹತ್ತು ಪಿಸ್ತೂಲು ಒಟ್ಟಿಗೆ ಒರೆಸಿ ಜೋಡಿಸಿದರೂ ಅದಲುಬದಲಾಗಿಬಿಡುತ್ತವೆ. ಸ್ಲೈಡಿನ ಮೇಲಿನ ಕಾರ್ಖಾನೆಯ ಸಂಕೇತ ಮತ್ತು ಬ್ಯಾರಲಿನ ಸ್ವೀಕೃತಿ ಮುದ್ರೆಯನ್ನು (ಸೇನೆ ಒಪ್ಪಿಕೊಂಡ ಗುರುತು) ಜೋಡಿಸಿ ನೋಡಿ: 'ಎಸಿ' ಇದ್ದರೆ ವಾಲ್ಥರ್, ಹದ್ದಿನ ಕೆಳಗೆ 359, 'ಬಿವೈಎಫ್' ಇದ್ದರೆ ಮೌಸರ್, 135, 'ಸಿವೈಕ್ಯೂ' ಇದ್ದರೆ ಸ್ಪ್ರೀವೆರ್ಕ್, 88. ಬ್ಯಾರಲ್ ಮೇಲೆ 'ಎಫ್ಎನ್ಎಚ್' ಎಂದಿದ್ದರೆ ತಳ್ಳಿಹಾಕಬೇಡಿ. ಅದು ಯುದ್ಧಕಾಲದಲ್ಲಿ ಸ್ಟ್ರಾಕೊನಿಟ್ಸ್ ಕಾರ್ಖಾನೆಯಲ್ಲಿ ತಯಾರಾಗಿ ಬಂದ ಬ್ಯಾರಲ್. ನಂಬರನ್ನು ಒತ್ತದೆ ವಿದ್ಯುತ್ ಪೆನ್ಸಿಲಿನಿಂದ ಗೀಚಿ, ಎಲ್ಲ ಭಾಗಕ್ಕೂ ಒಂದೇ ಬಗೆಯ ದಟ್ಟ ಕಪ್ಪು ಬಣ್ಣ ಹಾಕಿದ್ದರೆ, ಅದು ರಷ್ಯನ್ನರು ವಶಪಡಿಸಿಕೊಂಡು ಬೆರಕೆ ಭಾಗಗಳಿಂದ ಜೋಡಿಸಿ ಇಟ್ಟದ್ದಿರಬೇಕು.

ಪ್ರಶ್ನೆ: ಪ್ರತಿ ವರ್ಷ ಆಯುಧಪೂಜೆಗೆ ಪಿಸ್ತೂಲು ತೊಳೆದು ಪೂಜೆ ಮಾಡುತ್ತೇವೆ. ಈಗ ಬ್ಯಾರಲ್ ಮೇಲಿನ ನಂಬರ್ ಓದಲಾಗುತ್ತಿಲ್ಲ. ಹುಣಸೆಹಣ್ಣು ಹಾಕಿ ಉಜ್ಜಬಹುದೇ?
— ಹೊಳಲ್ಕೆರೆ

ಉತ್ತರ: ಹುಣಸೆಹಣ್ಣು, ನಿಂಬೆಹಣ್ಣು, ಬೂದಿ, ಇಟ್ಟಿಗೆಪುಡಿ ಯಾವುದೂ ತಾಗಬಾರದು. ಹಳೆಯ ಪಿಸ್ತೂಲಿನ ನೀಲಿಗಪ್ಪು ಬಣ್ಣ ಬಳಿದದ್ದಲ್ಲ, ಉಕ್ಕಿನ ಮೇಲ್ಮೈಯನ್ನೇ ಹದವಾಗಿ ತುಕ್ಕು ಹಿಡಿಸಿ ನಿಲ್ಲಿಸಿದ ತೆಳುಪದರ. ಹುಳಿ ಅದನ್ನು ನಿಮಿಷಗಳಲ್ಲಿ ತಿಂದುಬಿಡುತ್ತದೆ. ಹಿತ್ತಾಳೆ ಬೆಳಗುವ ಕ್ರಮ ಉಕ್ಕಿಗೆ ಸಲ್ಲದು. ಪೂಜೆಯಲ್ಲಿ ಹಚ್ಚಿದ ಒದ್ದೆ ಕುಂಕುಮ, ನಿಂಬೆರಸ ಅಂಕಿಗಳ ತಗ್ಗಿನಲ್ಲಿ ನಿಂತು ಅಲ್ಲೇ ತುಕ್ಕು ಶುರುಮಾಡುತ್ತದೆ. ಕುಂಕುಮವನ್ನು ತೊಗಲಿನ ಚೀಲಕ್ಕೋ ಪೆಟ್ಟಿಗೆಗೋ ಹಚ್ಚಿ, ಪಿಸ್ತೂಲನ್ನು ಪಕ್ಕದಲ್ಲಿ ಬಟ್ಟೆಯ ಮೇಲಿಡಿ. ಪೂಜೆ ಮುಗಿದ ಮೇಲೆ ಮತ್ತೆ ತೊಗಲಿನ ಚೀಲದಲ್ಲಿ ಇಡಬೇಡಿ, ಹದ ಮಾಡಿದ ತೊಗಲಿನಲ್ಲಿ ಉಪ್ಪು ಮತ್ತು ಪಸೆ ಉಳಿದಿರುತ್ತದೆ.

ನಂಬರ್ ಓದುವುದಕ್ಕೆ ತೆಳುವಾದ ಗನ್ ಆಯಿಲ್ ಹಚ್ಚಿ ಒಂದು ರಾತ್ರಿ ಬಿಡಿ, ಮರುದಿನ ಹಳೆಯ ಹತ್ತಿ ಬಟ್ಟೆಯಿಂದ ಒರೆಸಿ. ಕೊಬ್ಬರಿ ಎಣ್ಣೆ ಬೇಡ, ಚಳಿಗೆ ಹೆಪ್ಪುಗಟ್ಟುತ್ತದೆ. ತಗ್ಗಿನಲ್ಲಿ ಉಳಿದದ್ದನ್ನು ಬಿದಿರಿನ ಹಲ್ಲುಕಡ್ಡಿಯಿಂದ ಮೆಲ್ಲಗೆ ಬಿಡಿಸಿ; ಸೂಜಿ, ಬ್ಲೇಡು, ಉಪ್ಪುಕಾಗದ ಬೇಡ. ಮೇಲೆ ತೆಳುವಾದ ಬಿಳಿ ಕಾಗದ ಇಟ್ಟು ಮೆದು ಪೆನ್ಸಿಲನ್ನು ಓರೆಯಾಗಿ ಉಜ್ಜಿದರೆ ಅಂಕಿಗಳ ಅಚ್ಚು ಕಾಗದಕ್ಕೆ ಬರುತ್ತದೆ. ಆ ಕಾಗದವನ್ನು ಪರವಾನಗಿ ಪುಸ್ತಕದ ಜೊತೆ ಇಡಿ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸುವ ದಿನ ಒಳಗೂ ಹೊರಗೂ ಎಣ್ಣೆ ಸವರಿ, ಬ್ಯಾರಲ್ ನಂಬರಿನ ಫೋಟೊ ತೆಗೆದು, ರಸೀದಿಯಲ್ಲಿ ಫ್ರೇಮ್, ಸ್ಲೈಡ್ ಅಥವಾ ರಿಸೀವರ್, ಬ್ಯಾರಲ್ ನಂಬರುಗಳನ್ನು ಬೇರೆ ಬೇರೆ ಬರೆಸಿ. ವಾಪಸ್ ತರುವ ದಿನ ಠಾಣೆಯ ಮೇಜಿನ ಮೇಲೆಯೇ ಅವನ್ನು ತಾಳೆ ನೋಡಿ, ಆಮೇಲೆ ಸಹಿ ಹಾಕಿ.